ಕರುಳಿನ ಕ್ಯಾನ್ಸರ್ ತಪಾಸಣೆ: ಕಿಟ್ ಮನೆಗೆ ಬರುವ ಮೊದಲು ಆಗಬೇಕಾದ ಕೆಲಸ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಿವೃತ್ತ ಶಿಕ್ಷಕ, ವಯಸ್ಸು 57. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಅಣ್ಣನಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಿಂದ ಎರಡು ವರ್ಷಕ್ಕೊಮ್ಮೆ ಮಲ ಪರೀಕ್ಷೆಯ ಪುಟ್ಟ ಕಿಟ್ ಅಂಚೆಯಲ್ಲಿ ಬರುತ್ತದೆ. ದೊಡ್ಡಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡಲು ಅದು ನೆರವಾಗುತ್ತದಂತೆ. ಒಂದು ಪೈಸೆ ಖರ್ಚಿಲ್ಲ. ನಮ್ಮಲ್ಲೂ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಾರೆ. ಅವರ ಕೈಯಲ್ಲೇ ಈ ಕಿಟ್ ಕೊಟ್ಟು ಕಳುಹಿಸಲು ಏನು ಅಡ್ಡಿ? ಅಲ್ಲಿಯವರೆಗೆ ನಾನು ಮಂಗಳೂರಿಗೆ ಹೋಗಿ ಸ್ವಂತ ಖರ್ಚಿನಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲೇ? ಮೂಲವ್ಯಾಧಿಯಿಂದ ಆಗೊಮ್ಮೆ ಈಗೊಮ್ಮೆ ತುಸು ರಕ್ತ ಹೋಗುವುದನ್ನು ಬಿಟ್ಟರೆ ನನಗೆ ಬೇರೆ ತೊಂದರೆ ಇಲ್ಲ.

ಉತ್ತರ: ನಿಮ್ಮ ಪ್ರಶ್ನೆಗಳಿಗಿಂತ ಪತ್ರದ ಕೊನೆಯ ವಾಕ್ಯ ನನ್ನನ್ನು ಹೆಚ್ಚು ಕಾಡಿತು. ಮೊದಲು ಅದಕ್ಕೇ ಬರುತ್ತೇನೆ. ಸ್ಕ್ರೀನಿಂಗ್, ಅಂದರೆ ಇಂಥ ತಪಾಸಣೆ, ಇರುವುದು ಯಾವ ಲಕ್ಷಣವೂ ಇಲ್ಲದವರಿಗಾಗಿ. ಮಲದಲ್ಲಿ ರಕ್ತ ಕಂಡವರು, ಅದು ಎಷ್ಟೇ ಕಡಿಮೆ ಇರಲಿ, ಎಷ್ಟೇ ಅಪರೂಪವಾಗಿರಲಿ, ಆ ಸಾಲಿನಲ್ಲಿ ನಿಲ್ಲಬೇಕಾದವರಲ್ಲ. ಅವರು ನೇರವಾಗಿ ವೈದ್ಯರ ಬಳಿಗೆ ಹೋಗಬೇಕಾದವರು. ಅದು ಮೂಲವ್ಯಾಧಿ ಎಂದು ನಿಮಗೆ ಹೇಳಿದವರು ಯಾರು, ಪರೀಕ್ಷಿಸಿ ಹೇಳಿದರೇ ಎಂಬುದು ಪತ್ರದಲ್ಲಿಲ್ಲ. ಪರೀಕ್ಷಿಸಿಲ್ಲದಿದ್ದರೆ ಈ ವಾರವೇ ಹೋಗಿ. ನಿಮ್ಮ ವಯಸ್ಸಿನಲ್ಲಿ ರಕ್ತ ಹೋಗುತ್ತಿದ್ದರೆ ಗುದದ್ವಾರದ ಬೆರಳು ಪರೀಕ್ಷೆ ಆಗಲೇಬೇಕು. ಅದರ ನಂತರ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳನ್ನು ಪೂರ್ತಿ ನೋಡುವ ಪರೀಕ್ಷೆ, ಮಾಡಿಸಿಕೊಳ್ಳುವುದು ಒಳ್ಳೆಯದು. ಹೆಚ್ಚಿನ ಪಕ್ಷ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಮೂಲವ್ಯಾಧಿ ಇರುವವರಿಗೆ ಕ್ಯಾನ್ಸರ್ ಬರುವುದಿಲ್ಲ ಎಂಬ ನಿಯಮವಿಲ್ಲ. ಎರಡೂ ಒಟ್ಟಿಗೆ ಇರಬಹುದು.

ಕಾಸರಗೋಡಿನ ಕಡೆಯಿಂದ ಬರುವ ರೋಗಿಗಳ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು, ‘ಉಷ್ಣ ಆಗಿತ್ತು ಡಾಕ್ಟ್ರೇ’ ಎಂದು. ಬೇಸಿಗೆಯಲ್ಲಿ ರಕ್ತ ಕಂಡರೆ ಉಷ್ಣ, ಮಜ್ಜಿಗೆ ಕುಡಿದು ನಿಂತರೆ ಆ ಉಷ್ಣ ಇಳಿಯಿತು ಎಂಬ ಸಮಾಧಾನ. ಕರುಳಿನ ಗೆಡ್ಡೆಯಿಂದ ಒಸರುವ ರಕ್ತವೂ ಹೀಗೇ ಬರುತ್ತದೆ, ಹೋಗುತ್ತದೆ. ರಕ್ತ ನಿಂತಿತು ಎಂದರೆ ಕಾಯಿಲೆ ವಾಸಿಯಾಯಿತು ಎಂದಲ್ಲ. ಹೀಗೆ ಆರು ತಿಂಗಳು, ವರ್ಷ ಕಳೆದು ತೂಕ ಇಳಿದ ಮೇಲೆ, ಹೊಟ್ಟೆ ಕಟ್ಟಿಕೊಂಡ ಮೇಲೆ ಬರುವವರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಕರುಳಿನ ಗೋಡೆಯೊಳಗೇ ಇರುವ ಮೊದಲ ಹಂತದಲ್ಲಿ ಸಿಕ್ಕಿದರೆ ನೂರರಲ್ಲಿ ತೊಂಬತ್ತು ಮಂದಿ ಐದು ವರ್ಷ ದಾಟುತ್ತಾರೆ. ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಆ ಸಂಖ್ಯೆ ಹತ್ತು-ಹದಿನೈದಕ್ಕೆ ಇಳಿಯುತ್ತದೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಇಂಗ್ಲೆಂಡಿನಲ್ಲಿ ಆದದ್ದು ಇಲ್ಲಿ ಏಕಾಗದು?

ಆ ಕಿಟ್ ಏನು ಮಾಡುತ್ತದೆ ಎಂಬುದರಿಂದ ಆರಂಭಿಸುತ್ತೇನೆ. ದೊಡ್ಡಕರುಳಿನ ಹೆಚ್ಚಿನ ಕ್ಯಾನ್ಸರ್‌ಗಳು ಹುಟ್ಟುವುದು ಒಳಪದರದಲ್ಲಿ ಮೂಡುವ ಪಾಲಿಪ್ ಎಂಬ ಪುಟ್ಟ ಗಂಟಿನಿಂದ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ, ಇನ್ನೂ ಹೆಚ್ಚು ಹಿಡಿಯುತ್ತದೆ. ಎಲ್ಲ ಪಾಲಿಪ್‌ಗಳೂ ಹಾಗಾಗುವುದಿಲ್ಲ. ಆ ದೀರ್ಘ ಅವಧಿಯಲ್ಲಿ ಅದು ಕಣ್ಣಿಗೆ ಕಾಣದಷ್ಟು ರಕ್ತವನ್ನು ಒಸರುತ್ತಿರಬಹುದು. ಕಿಟ್ ಹುಡುಕುವುದು ಆ ರಕ್ತವನ್ನು, ಕ್ಯಾನ್ಸರನ್ನಲ್ಲ. ರಕ್ತ ಇದೆ ಎಂದಾದರೆ ಕೊಲೊನೊಸ್ಕೋಪಿ. ಅದರಲ್ಲಿ ಪಾಲಿಪ್ ಕಂಡರೆ ಅಲ್ಲೇ ತೆಗೆದುಹಾಕಬಹುದು. ಅಂದರೆ ಬರಲಿದ್ದ ಕ್ಯಾನ್ಸರನ್ನು ಬಾರದಂತೆ ತಡೆಯಬಹುದು. ಕರುಳಿನ ತಪಾಸಣೆಯ ನಿಜವಾದ ಲಾಭ ಇರುವುದು ಇಲ್ಲಿ.

ಇದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. 1993ರಲ್ಲಿ ಅಮೆರಿಕದ ಮಿನೆಸೋಟಾ ಅಧ್ಯಯನ, 1996ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮತ್ತು ಡೆನ್ಮಾರ್ಕಿನ ಫ್ಯೂನೆನ್ ಅಧ್ಯಯನಗಳು ಪ್ರಕಟವಾದವು. ನಾಟಿಂಗ್‌ಹ್ಯಾಮ್‌ನಲ್ಲಿ ಸುಮಾರು ಒಂದೂವರೆ ಲಕ್ಷ ಜನರನ್ನು ಎರಡು ಗುಂಪು ಮಾಡಿ ನೋಡಿದಾಗ, ಎರಡು ವರ್ಷಕ್ಕೊಮ್ಮೆ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇಕಡ 15ರಷ್ಟು ಕಡಿಮೆಯಿತ್ತು. ಇಷ್ಟು ಸಾಕ್ಷ್ಯ ಕೈಯಲ್ಲಿದ್ದೂ ಇಂಗ್ಲೆಂಡ್ ಮರುದಿನವೇ ಕಿಟ್ ಹಂಚಲಿಲ್ಲ ಎಂಬುದನ್ನು ಗಮನಿಸಬೇಕು. 2000ದಲ್ಲಿ ಕೊವೆಂಟ್ರಿ, ವಾರಿಕ್‌ಶೈರ್ ಸುತ್ತ ಪ್ರಾಯೋಗಿಕವಾಗಿ ಆರಂಭಿಸಿದರು. ದೇಶದ ಕಾರ್ಯಕ್ರಮ ಶುರುವಾದದ್ದು 2006ರಲ್ಲಿ, ಎಲ್ಲ ಪ್ರದೇಶಗಳನ್ನು ಮುಟ್ಟಿದ್ದು 2010ರ ಹೊತ್ತಿಗೆ. ಮೊದಲು ಕರೆದದ್ದು 60ರಿಂದ 69 ವರ್ಷದವರನ್ನು ಮಾತ್ರ. 50 ವರ್ಷದವರ ತನಕ ಇಳಿಯುವ ಕೆಲಸ 2021ರಲ್ಲಷ್ಟೇ ಆರಂಭವಾಯಿತು.

ಇಷ್ಟು ನಿಧಾನಕ್ಕೆ ಕಾರಣ ಕಿಟ್‌ಗಳ ಕೊರತೆಯಲ್ಲ. ಕಿಟ್ ‘ರಕ್ತ ಇದೆ’ ಎಂದ ಮೇಲೆ ಕೊಲೊನೊಸ್ಕೋಪಿ ಮಾಡುವ ಕೈಗಳು ಸಾಲದಿದ್ದದ್ದು ಕಾರಣ. ಅಲ್ಲಿ ಸ್ಕ್ರೀನಿಂಗ್ ಕೊಲೊನೊಸ್ಕೋಪಿ ಮಾಡುವ ವೈದ್ಯರಿಗೆ ಪ್ರತ್ಯೇಕ ಪರೀಕ್ಷೆ, ಮಾನ್ಯತೆ ಇದೆ. 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, 55 ವರ್ಷದ ಎಲ್ಲರಿಗೂ ಒಮ್ಮೆ ಕರುಳಿನ ಕೆಳಭಾಗವನ್ನು ಕೊಳವೆಯಿಂದ ನೋಡುವ ಯೋಜನೆ ತಂದರು. ಅದರ ಹಿಂದಿನ ಸಂಶೋಧನೆ ಅತ್ಯುತ್ತಮವಾಗಿತ್ತು. ಆದರೆ ಅದನ್ನು ಮಾಡಲು ಜನ ಸಾಲದೆ, ಇತ್ತ ಹೊಸ ಮಲ ಪರೀಕ್ಷೆಯೂ ಬಂದು, ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಬೇಕಾಯಿತು.

ನೆದರ್ಲೆಂಡ್ಸ್‌ನ ಕತೆ ಇನ್ನೂ ಸ್ಪಷ್ಟ. ಅಲ್ಲಿ 2014ರಲ್ಲಿ 55ರಿಂದ 75 ವರ್ಷದವರಿಗಾಗಿ ಫಿಟ್ ಎಂಬ ಹೊಸ ಮಲ ಪರೀಕ್ಷೆಯೊಂದಿಗೆ ಕಾರ್ಯಕ್ರಮ ಆರಂಭವಾಯಿತು. ಒಂದು ಗ್ರಾಂ ಮಲದಲ್ಲಿ 15 ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಇದ್ದರೆ ಪಾಸಿಟಿವ್ ಎಂದು ಮಿತಿ ಇಟ್ಟರು. ನಿರೀಕ್ಷೆಗಿಂತ ಬಹಳ ಹೆಚ್ಚು ಜನ ಪಾಸಿಟಿವ್ ಬಂದು ಕೊಲೊನೊಸ್ಕೋಪಿಯ ಸರದಿ ಉದ್ದವಾಯಿತು. ಅದೇ ವರ್ಷದ ನಡುವೆ ಮಿತಿಯನ್ನು 47ಕ್ಕೆ ಏರಿಸಿದರು. ಇಂಗ್ಲೆಂಡ್ 2019ರಲ್ಲಿ ಫಿಟ್‌ಗೆ ಬದಲಾದಾಗ ಇಟ್ಟ ಮಿತಿ 120. ಅಣ್ಣನ ಕಿಟ್‌ನಲ್ಲಿ ‘ಮುಂದಿನ ಪರೀಕ್ಷೆ ಬೇಕಿಲ್ಲ’ ಎಂದು ಬಂದರೆ ರಕ್ತವೇ ಇಲ್ಲ ಎಂದಲ್ಲ, ನಿಗದಿತ ಮಿತಿಗಿಂತ ಕಡಿಮೆ ಎಂದಷ್ಟೇ. ಅದೇ ದೇಶದಲ್ಲಿ ನಿಮ್ಮಂತೆ ಲಕ್ಷಣ ಇರುವವರಿಗೆ ವೈದ್ಯರು ಈ ಪರೀಕ್ಷೆಯನ್ನು ಬಳಸುವಾಗ ಮಿತಿ ಬರೇ 10. ನೀವು ಸ್ಕ್ರೀನಿಂಗ್ ಕಿಟ್ಟಿನ ನೆಗೆಟಿವ್ ಫಲಿತಾಂಶ ನೋಡಿ ಸುಮ್ಮನಿರಬಾರದು ಎಂದು ನಾನು ಹೇಳುವುದು ಇದಕ್ಕೇ.

ಈಗ ನಮ್ಮ ಜಿಲ್ಲೆಯ ಲೆಕ್ಕ ಹಾಕೋಣ. 2011ರ ಜನಗಣತಿಯಂತೆ ಕಾಸರಗೋಡಿನ ಜನಸಂಖ್ಯೆ 13 ಲಕ್ಷ. 50ರಿಂದ 70 ವರ್ಷದವರು ಎರಡೂವರೆ ಲಕ್ಷ ಎಂದು ಹಿಡಿಯೋಣ. ಎರಡು ವರ್ಷಕ್ಕೊಮ್ಮೆ ಎಂದರೆ ವರ್ಷಕ್ಕೆ ಒಂದೂಕಾಲು ಲಕ್ಷ ಕಿಟ್. ಅರ್ಧದಷ್ಟು ಜನ ಹಿಂದಿರುಗಿಸಿ, ಅವರಲ್ಲಿ ಶೇಕಡ 5ರಷ್ಟು ಪಾಸಿಟಿವ್ ಬಂದರೂ ವರ್ಷಕ್ಕೆ 3,100ಕ್ಕೂ ಹೆಚ್ಚು ಕೊಲೊನೊಸ್ಕೋಪಿ. ಕೆಲಸದ ದಿನ ಮುನ್ನೂರು ಎಂದರೆ ದಿನಕ್ಕೆ ಹತ್ತು, ವರ್ಷವಿಡೀ, ಒಂದು ದಿನವೂ ತಪ್ಪದೆ. ಇದು ಸ್ಕ್ರೀನಿಂಗಿನಿಂದ ಬರುವವರ ಲೆಕ್ಕ ಮಾತ್ರ; ರಕ್ತಸ್ರಾವ, ರಕ್ತಹೀನತೆ ಎಂದು ಈಗಾಗಲೇ ಕಾಯುತ್ತಿರುವವರು ಬೇರೆ. ತೆಗೆದ ಪ್ರತಿ ಪಾಲಿಪನ್ನೂ ಪೆಥಾಲಜಿಸ್ಟ್, ಅಂದರೆ ಅಂಗಾಂಶ ಪರೀಕ್ಷಿಸುವ ವೈದ್ಯರು, ನೋಡಬೇಕು. ಕ್ಯಾನ್ಸರ್ ಎಂದಾದವರಿಗೆ ಶಸ್ತ್ರಚಿಕಿತ್ಸೆಯ ದಿನಾಂಕ ಸಿಗಬೇಕು. ನಮ್ಮ ಕಡೆ ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾದೀತು: ಮೈಲುತುತ್ತು, ಸುಣ್ಣ ಎಷ್ಟು ತಂದಿಟ್ಟರೂ ಮಳೆಗೆ ಮೊದಲು ಮರ ಹತ್ತಿ ಮದ್ದು ಬಿಡುವವರು ಸಿಗದಿದ್ದರೆ ಕೊಳೆರೋಗ ಬಂದೇ ಬರುತ್ತದೆ.

ಕಿಟ್ ಕೊಟ್ಟು, ‘ನಿಮ್ಮ ಮಲದಲ್ಲಿ ರಕ್ತವಿದೆ’ ಎಂದು ತಿಳಿಸಿ, ಮುಂದಿನ ಪರೀಕ್ಷೆಗೆ ಎಂಟು ತಿಂಗಳು ಕಾಯಿಸುವುದು ಜನರಿಗೆ ಮಾಡುವ ಅನ್ಯಾಯ. ಆ ಎಂಟು ತಿಂಗಳು ಮನೆಯವರೆಲ್ಲ ನಿದ್ದೆ ಬಿಟ್ಟಿರುತ್ತಾರೆ. ಹತ್ತು ತಿಂಗಳು ಮೀರಿದರೆ ಮುಂದುವರಿದ ಹಂತದ ಕ್ಯಾನ್ಸರ್ ಸಿಗುವ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2017ರಲ್ಲಿ ತೋರಿಸಿದೆ. ಪಾಸಿಟಿವ್ ಬಂದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ನೂರರಲ್ಲಿ ಐದರ ಆಸುಪಾಸು ಮಂದಿಗೆ ಇರುತ್ತದೆ, ಮಿತಿ ಎಷ್ಟಿದೆ ಎಂಬುದರ ಮೇಲೆ ಅದು ತುಸು ಹೆಚ್ಚು ಕಡಿಮೆ. ಆದ್ದರಿಂದ ಆ ತೊಂಬತ್ತೈದು ಮಂದಿಯನ್ನು ಬೇಗ ನಿಶ್ಚಿಂತರನ್ನಾಗಿ ಮಾಡುವುದೂ ಕಾರ್ಯಕ್ರಮದ ಹೊಣೆ.

ಹಾಗೆಂದು ಇದು ಶ್ರೀಮಂತ ದೇಶಗಳಿಗೆ ಮಾತ್ರ ಎಂದು ಕೈಚೆಲ್ಲಬೇಕಿಲ್ಲ. ಥಾಯ್ಲೆಂಡ್ 2011ರಲ್ಲಿ ಲಾಂಪಾಂಗ್ ಎಂಬ ಒಂದೇ ಪ್ರಾಂತ್ಯದಲ್ಲಿ ಆರಂಭಿಸಿತು. ಇದ್ದ ಆರೋಗ್ಯ ಕೇಂದ್ರಗಳು, ಇದ್ದ ಸ್ವಯಂಸೇವಕರು, ಜಿಲ್ಲಾ ಆಸ್ಪತ್ರೆಯ ಕೊಲೊನೊಸ್ಕೋಪಿ. ಕರೆದವರಲ್ಲಿ ಶೇಕಡ 60ಕ್ಕಿಂತ ಹೆಚ್ಚು ಮಂದಿ ಬಂದರು. ಮಿತಿಯನ್ನು ಎತ್ತರದಲ್ಲಿಟ್ಟಿದ್ದರಿಂದ ಪಾಸಿಟಿವ್ ಬಂದವರು ಶೇಕಡ 1ರಷ್ಟು ಮಾತ್ರ. ಹಾಗೆ ಮಾಡಿದರೆ ನಮ್ಮ ಜಿಲ್ಲೆಗೆ ವರ್ಷಕ್ಕೆ 600ರಿಂದ 650 ಕೊಲೊನೊಸ್ಕೋಪಿ, ದಿನಕ್ಕೆ ಎರಡು. ಕೆಲವು ಕ್ಯಾನ್ಸರ್ ಕೈತಪ್ಪಬಹುದು, ನಿಜ. ಆದರೆ ಕರೆದವರಿಗೆಲ್ಲ ಕೊನೆಯವರೆಗೆ ಸೇವೆ ಕೊಡಲು ಸಾಧ್ಯ. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ.

ಭಾರತದಲ್ಲಿ ಸದ್ಯ ಏನಿದೆ? 2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಬಾಯಿ, ಸ್ತನ, ಗರ್ಭಕಂಠ ಎಂಬ ಮೂರು ಕ್ಯಾನ್ಸರ್‌ಗಳಿಗೆ 30 ವರ್ಷ ದಾಟಿದವರ ತಪಾಸಣೆ ಇದೆ. ಕರುಳಿನದು ಅದರಲ್ಲಿಲ್ಲ. ಇದನ್ನು ನಿರ್ಲಕ್ಷ್ಯ ಎನ್ನಲಾರೆ. ಎರಡೂ ದೇಶಗಳ ಜನರ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೆ, ಬ್ರಿಟನ್ನಿನಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಮೂವತ್ತರ ಆಸುಪಾಸು ಹೊಸ ರೋಗಿಗಳಿದ್ದರೆ ಭಾರತದಲ್ಲಿ ಐದರ ಸುತ್ತ. ಕಾಯಿಲೆ ಅಪರೂಪವಾದಷ್ಟೂ ಒಂದು ಜೀವ ಉಳಿಸಲು ಪರೀಕ್ಷಿಸಬೇಕಾದ ಆರೋಗ್ಯವಂತರ ಸಂಖ್ಯೆ ಏರುತ್ತದೆ. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ಒಂದು ತಂಡ, ಮುಂದಿನ 15 ವರ್ಷಗಳಲ್ಲಿ ಈ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡ 3ಕ್ಕಿಂತ ಕಡಿಮೆ ಇರುವವರಿಗೆ ತಪಾಸಣೆ ಬೇಡ ಎಂದೇ ಸಲಹೆ ಕೊಟ್ಟಿತ್ತು. ಲಕ್ಷಣವಿಲ್ಲದ, ಕುಟುಂಬದಲ್ಲಿ ಯಾರಿಗೂ ಇಲ್ಲದ ಹೆಚ್ಚಿನ ಭಾರತೀಯರು ಆ ಗೆರೆಯ ಕೆಳಗೇ ಇದ್ದಾರೆ. ಆದರೆ ದೇಶ ದೊಡ್ಡದು. ದರ ಕಡಿಮೆಯಾದರೂ ವರ್ಷಕ್ಕೆ ಸುಮಾರು 70 ಸಾವಿರ ಹೊಸ ರೋಗಿಗಳು. ನಮ್ಮ ರೋಗಿಗಳು ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನವರು. ಮುಂಬೈಯ ಟಾಟಾ ಆಸ್ಪತ್ರೆಯ ಅಧ್ಯಯನದಲ್ಲಿ ಸರಾಸರಿ ವಯಸ್ಸು ಐವತ್ತಕ್ಕಿಂತ ಕೆಳಗಿತ್ತು. ದೊಡ್ಡಕರುಳಿನ ಕೊನೆಯ ಭಾಗವಾದ ಗುದನಾಳದ ಕ್ಯಾನ್ಸರಿನ ಪಾಲೂ ನಮ್ಮಲ್ಲಿ ದೊಡ್ಡದು.

ಈ ಕೊನೆಯ ಸಂಗತಿಯಲ್ಲಿ ನಮಗೊಂದು ಅನುಕೂಲವಿದೆ. ಗುದನಾಳದ ಅನೇಕ ಗೆಡ್ಡೆಗಳು ವೈದ್ಯರ ಬೆರಳಿಗೆ ಸಿಗುತ್ತವೆ. ಬೇಕಾದದ್ದು ಒಂದು ಕೈಗವಸು, ಸ್ವಲ್ಪ ಜೆಲ್ಲಿ, ಮರೆಗೊಂದು ಪರದೆ, ಎರಡು ನಿಮಿಷ. ಇಷ್ಟಿದ್ದೂ ರೋಗಿ ‘ಪೈಲ್ಸ್’ ಎಂದ ಕೂಡಲೇ ಮುಲಾಮು ಬರೆದುಕೊಡುವುದು ಎಲ್ಲೆಡೆ ನಡೆದಿದೆ. ಐವತ್ತು ದಾಟಿದ ಗಂಡಸಿಗೆ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ಮಾತ್ರೆ ಕೊಟ್ಟು ಕಳುಹಿಸುವುದೂ ಹಾಗೆಯೇ. ಆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಜಿಲ್ಲೆಯ ಪ್ರತಿ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಇವೆರಡು ಅಭ್ಯಾಸಗಳು ಬೇರೂರಿದರೆ, ಕಿಟ್ ಬರುವ ಮೊದಲೇ ಜೀವ ಉಳಿಯಲು ಶುರುವಾಗುತ್ತದೆ. ಸ್ಕ್ರೀನಿಂಗ್ ಕಾರ್ಯಕ್ರಮಕ್ಕೆ ನಾನು ಹಾಕುವ ಮೊದಲ ಕಲ್ಲು ಇದು.

ಪ್ರಯೋಗ ಮಾಡಲು ಕೇರಳಕ್ಕಿಂತ ತಕ್ಕ ಜಾಗ ಕಡಿಮೆ. ಬಾಯಿಯ ಕ್ಯಾನ್ಸರಿಗೆ ತಪಾಸಣೆ ಮಾಡಿದರೆ ಸಾವು ತಗ್ಗುತ್ತದೆಯೇ ಎಂದು ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ 1996ರಲ್ಲಿ ಅಧ್ಯಯನ ಆರಂಭವಾಗಿ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದವರು ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಇಂದು ನಮ್ಮ ಆಶಾ ಕಾರ್ಯಕರ್ತೆಯರು ಕೇರಳ ಆರೋಗ್ಯ ಇಲಾಖೆಯ ‘ಶೈಲಿ’ ಆ್ಯಪಿನಲ್ಲಿ ಪ್ರತಿ ಮನೆಯ ವಿವರ ದಾಖಲಿಸುತ್ತಿದ್ದಾರೆ. ಯಾರನ್ನು ಕರೆಯಬೇಕು ಎಂಬ ಪಟ್ಟಿ, ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರ ನೋಂದಣಿಯಿಂದ ಸಿಗುವಂಥದ್ದು, ಇಲ್ಲಿ ಅದರಿಂದ ಸಿಗಬಹುದು.

ಆದರೆ ಕಾಸರಗೋಡಿನದೇ ಆದ ಒಂದು ತೊಡಕಿದೆ. ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕದವರು ಚಿಕಿತ್ಸೆಗೆ ಹೋಗುವುದು ಮಂಗಳೂರಿಗೆ. ಕೇರಳದ ಸರ್ಕಾರಿ ಕ್ಯಾನ್ಸರ್ ಕೇಂದ್ರಗಳಲ್ಲಿ ಹತ್ತಿರದ್ದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರ. ಇತ್ತ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿದ್ದರೂ ಅದು ಮೈದುಂಬಿಕೊಳ್ಳಲು ಇಷ್ಟು ಕಾಲ ಹಿಡಿದಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಮಂಗಳೂರಿನ ಮೇಲಿನ ಈ ಅವಲಂಬನೆ ಎಷ್ಟು ಆಳದ್ದೆಂದು ಎಲ್ಲರೂ ಕಂಡರು. ಸ್ಕ್ರೀನಿಂಗಿಗೆ ಇದರಿಂದ ಬರುವ ಕಷ್ಟ ಹೀಗೆ: ಕಿಟ್ ಕೊಟ್ಟದ್ದು ಕೇರಳದ ಆಶಾ, ಕೊಲೊನೊಸ್ಕೋಪಿ ಆದದ್ದು ಕರ್ನಾಟಕದ ಖಾಸಗಿ ಆಸ್ಪತ್ರೆಯಲ್ಲಿ, ಬಯಾಪ್ಸಿ ವರದಿ ರೋಗಿಯ ಪ್ಲಾಸ್ಟಿಕ್ ಚೀಲದಲ್ಲಿ. ಪಾಸಿಟಿವ್ ಬಂದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಮುಂದಿನ ಪರೀಕ್ಷೆ ಆಯಿತು, ಎಷ್ಟರಲ್ಲಿ ಕ್ಯಾನ್ಸರ್ ಸಿಕ್ಕಿತು ಎಂದು ಲೆಕ್ಕ ಇಡದ ಕಾರ್ಯಕ್ರಮ ತಾನು ಒಳಿತು ಮಾಡುತ್ತಿದೆಯೋ ಕೆಡುಕೋ ಎಂದು ಎಂದೂ ತಿಳಿಯಲಾರದು. ಗಡಿಯಾಚೆಯ ಆಸ್ಪತ್ರೆಗಳಿಂದ ವರದಿ ಇಲ್ಲಿಗೆ ಮರಳುವ ಒಪ್ಪಂದ ಮೊದಲೇ ಆಗಬೇಕು.

ಇನ್ನೊಂದು, ಕನ್ನಡ. ಕಿಟ್‌ನೊಡನೆ ಬರುವ ಸೂಚನೆ ಮಲಯಾಳದಲ್ಲಷ್ಟೇ ಇದ್ದರೆ ಎಣ್ಮಕಜೆಯ, ಪೈವಳಿಕೆಯ ಹಿರಿಯರಲ್ಲಿ ಎಷ್ಟೋ ಮಂದಿ ಅದನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಕೊವೆಂಟ್ರಿಯ ಆ ಮೊದಲ ಪ್ರಯೋಗದಲ್ಲೇ ದಕ್ಷಿಣ ಏಷ್ಯಾ ಮೂಲದವರು ಉಳಿದವರಿಗಿಂತ ತೀರಾ ಕಡಿಮೆ ಪಾಲ್ಗೊಂಡಿದ್ದರು. ಸೂಚನೆ ಬರೇ ಅನುವಾದವಾದರೂ ಸಾಲದು, ನಮ್ಮ ಮನೆಗಳಿಗೆ ಹೊಂದಬೇಕು. ಮಾದರಿ ತೆಗೆಯುವ ಕಡ್ಡಿಯ ತುದಿಯಲ್ಲಿ ಸಣ್ಣ ಗೀರುಗಳಿರುತ್ತವೆ. ಮಲದ ಮೇಲ್ಮೈಯನ್ನು ಅದರಿಂದ ನಾಲ್ಕೈದು ಕಡೆ ಕೆರೆದು, ಆ ಗೀರು ತುಂಬುವಷ್ಟು ಮಾತ್ರ ತೆಗೆದು, ದ್ರಾವಣವಿರುವ ಪುಟ್ಟ ಸೀಸೆಗೆ ತೂರಿ ಮುಚ್ಚಬೇಕು. ಹೆಚ್ಚು ತೆಗೆದರೆ ಹೆಚ್ಚು ಒಳ್ಳೆಯದು ಎಂಬುದು ತಪ್ಪು. ಮಲ ನೀರಿಗೆ ತಾಗಬಾರದು. ನಮ್ಮ ಕುಕ್ಕರಗಾಲಿನ ಕಕ್ಕಸಿನಲ್ಲಿ ಅದಕ್ಕೆ ಹಳೆಯ ಪತ್ರಿಕೆಯ ಹಾಳೆ ಹಾಸಿಕೊಳ್ಳಬೇಕು ಎಂದು ಬರೆಯಬೇಕು, ಚಿತ್ರ ಬಿಡಿಸಬೇಕು. ಸೀಸೆ ಬಿಸಿಲಿಗೆ ಸಿಕ್ಕಬಾರದು. ಸೆಖೆಯಲ್ಲಿ ಹಿಮೋಗ್ಲೋಬಿನ್ ಕೆಡುತ್ತದೆ. ಇಟಲಿಯಲ್ಲೇ ಬೇಸಿಗೆಯಲ್ಲಿ ಪಾಸಿಟಿವ್ ಪ್ರಮಾಣ ಇಳಿದದ್ದು ದಾಖಲಾಗಿದೆ. ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ಮೂರು ದಿನ ಚೀಲದಲ್ಲೇ ಉಳಿದ ಸೀಸೆಯ ನೆಗೆಟಿವ್ ಫಲಿತಾಂಶವನ್ನು ನಾನು ನಂಬಲಾರೆ. ಮಳೆಗಾಲದ ನಂತರದ ತಿಂಗಳುಗಳಲ್ಲಿ ಸಂಗ್ರಹಿಸಿ, ಅದೇ ದಿನ ಶೈತ್ಯಪೆಟ್ಟಿಗೆಗೆ ಸೇರಿಸುವ ಏರ್ಪಾಡು ಬೇಕು.

ಕೊಲೊನೊಸ್ಕೋಪಿಯ ಸಿದ್ಧತೆಗೂ ಇದೇ ಮಾತು. ಹಿಂದಿನ ದಿನ ತಿಳಿ ದ್ರವ ಮಾತ್ರ ಎಂದರೆ ನಮ್ಮವರು ಗಂಜಿ ಉಣ್ಣುತ್ತಾರೆ. ಗಂಜಿಯ ತಿಳಿ ಆಗಬಹುದು, ಅಗುಳು ಆಗದು. ಎಳನೀರು ಆಗಬಹುದು. ಪುನರ್ಪುಳಿ ಶರಬತ್ತು ಬೇಡವೇ ಬೇಡ, ಆ ಕೆಂಪು ಕರುಳಿನೊಳಗೆ ರಕ್ತದಂತೆ ಕಾಣುತ್ತದೆ. ಕೆಂಪು ಹರಿವೆ, ಬೀಟ್‌ರೂಟ್ ತಿಂದರೆ ಮಲದ ಬಣ್ಣ ಕೆಂಪಾದೀತು, ಆದರೆ ಫಿಟ್ ಪರೀಕ್ಷೆ ಮನುಷ್ಯರ ಹಿಮೋಗ್ಲೋಬಿನನ್ನಷ್ಟೇ ಹಿಡಿಯುವುದರಿಂದ ಅದು ಮೋಸಹೋಗುವುದಿಲ್ಲ. ಮಾಂಸ ತಿಂದರೂ ಬಾಧೆ ಇಲ್ಲ. ಹಳೆಯ ರಾಸಾಯನಿಕ ಪರೀಕ್ಷೆಯಲ್ಲಿ ಇವೆಲ್ಲ ತೊಡಕಾಗುತ್ತಿದ್ದವು.

ಸ್ವಂತ ಖರ್ಚಿನ ಬಗ್ಗೆ ಕೇಳಿದ್ದೀರಿ. ನಿಮ್ಮ ವಿಷಯ ಆಗಲೇ ಹೇಳಿದೆ: ನಿಮಗೆ ಬೇಕಾದದ್ದು ಕಿಟ್ ಅಲ್ಲ, ವೈದ್ಯರು. ನಿಮ್ಮ ವಯಸ್ಸಿನ, ಲಕ್ಷಣವಿಲ್ಲದ ಗೆಳೆಯರು ಕೇಳಿದರೆ, ಪಾಸಿಟಿವ್ ಬಂದರೆ ಕೊಲೊನೊಸ್ಕೋಪಿಗೆ ಸಿದ್ಧರಿದ್ದರೆ ಮಾತ್ರ ಎರಡು ವರ್ಷಕ್ಕೊಮ್ಮೆ ಫಿಟ್ ಮಾಡಿಸಲಿ. ಪ್ರಯೋಗಾಲಯದಲ್ಲಿ ಫಿಟ್ ಎಂದೇ ಕೇಳಲಿ. ಹಳೆಯ ಬಗೆಯ ಪರೀಕ್ಷೆ ಇನ್ನೂ ಕೆಲವೆಡೆ ಬಳಕೆಯಲ್ಲಿದೆ. ಒಂದು ಸಲದ ಫಿಟ್ ಐದು ಕ್ಯಾನ್ಸರ್‌ಗಳಲ್ಲಿ ಸುಮಾರು ಒಂದನ್ನು ತಪ್ಪಿಸಿಕೊಳ್ಳುತ್ತದೆ, ಹಾಗಾಗಿ ನೆಗೆಟಿವ್ ಬಂದ ಮೇಲೂ ಲಕ್ಷಣ ಕಂಡರೆ ಹೋಗಲೇಬೇಕು. ‘ಕ್ಯಾನ್ಸರ್ ಮಾರ್ಕರ್’ ಎಂದು ಆರೋಗ್ಯ ಪ್ಯಾಕೇಜುಗಳಲ್ಲಿ ಸೇರಿಸುವ ಸಿಇಎ ರಕ್ತಪರೀಕ್ಷೆಗೆ ದುಡ್ಡು ಹಾಕಬೇಡಿ. ಅದು ಚಿಕಿತ್ಸೆಯಾದವರ ಮೇಲೆ ನಿಗಾ ಇಡಲು, ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಅಲ್ಲ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ 60ರ ಒಳಗೆ ಬಂದಿದ್ದರೆ ಲೆಕ್ಕವೇ ಬೇರೆ: 40ನೇ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗವೋ ಆಗ ಕೊಲೊನೊಸ್ಕೋಪಿ.

ನೀವು ಶಿಕ್ಷಕರಾಗಿದ್ದವರು, ಊರಿನಲ್ಲಿ ನಿಮ್ಮ ಮಾತಿಗೆ ಬೆಲೆ ಇರುತ್ತದೆ. ಕೇರಳದಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತಿನ ಸುಪರ್ದಿಯಲ್ಲಿವೆ, ಯೋಜನಾ ನಿಧಿಯಿಂದ ಆರೋಗ್ಯಕ್ಕೆ ಹಣ ಇಡುವ ಅಧಿಕಾರ ಪಂಚಾಯತಿಗಿದೆ. ಮುಂದಿನ ಗ್ರಾಮಸಭೆಯಲ್ಲಿ ಕಿಟ್ ಕೊಡಿ ಎಂದು ಕೇಳಬೇಡಿ. ರಕ್ತ ಹೋಗುತ್ತದೆ ಎಂದು ಬಂದವರನ್ನು ಪರೀಕ್ಷಿಸಲು ಮರೆಯಿರುವ ಒಂದು ಕೋಣೆ ನಮ್ಮ ಕೇಂದ್ರದಲ್ಲಿ ಇದೆಯೇ, ಅಲ್ಲಿಂದ ಕಳುಹಿಸಿದವರಿಗೆ ಎಷ್ಟು ದಿನದಲ್ಲಿ ಕೊಲೊನೊಸ್ಕೋಪಿ ಸಿಗುತ್ತಿದೆ, ಅದರ ದಾಖಲೆ ಯಾರ ಬಳಿ ಇದೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಆರು ವಾರದೊಳಗೆ ಸಿಗುತ್ತಿದೆ ಎಂಬ ಉತ್ತರ ಬಂದ ಪಂಚಾಯತಿನಲ್ಲಿ ಮಾತ್ರ, ಮೊದಲು ಒಂದೆರಡು ವಾರ್ಡಿನ 50 ದಾಟಿದವರಿಗೆ ಕಿಟ್ ಕೊಟ್ಟು ನೋಡಬಹುದು.